ಡೇನಿಷ್ ಕವಿತೆಯ ಲಯ, ಪ್ರಾಸ, ಪುನರಾವರ್ತನೆ: ಬಿಡಿಸಿ ನೋಡುವ ಬಗೆ

ಡೇನಿಷ್ ಕಲಿಯುವವರು ಮೊದಲ ಬಾರಿಗೆ ಕವಿತೆಯ ವಿಶ್ಲೇಷಣೆಗೆ ಕೂತಾಗ ಸಾಮಾನ್ಯವಾಗಿ ಬರೆಯುವುದು ಇಷ್ಟೇ: ‘ಛಂದಸ್ಸು ಯಾಂಬೆ. ಅಂತ್ಯಪ್ರಾಸ ಇದೆ. ಕೆಲವು ಪದಗಳು ಮತ್ತೆ ಮತ್ತೆ ಬಂದಿವೆ.’ (ಯಾಂಬೆ ಎಂಬುದು ಒಂದು ಗಣದ ಹೆಸರು, ವಿವರ ಹಂತ 4ರಲ್ಲಿದೆ.) ಮೂರು ಮಾತೂ ನಿಜವೇ ಇರಬಹುದು, ಆದರೆ ಮೂರರಿಂದಲೂ ಕವಿತೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಲಯ, ಪ್ರಾಸ, ಪುನರಾವರ್ತನೆಗಳನ್ನು ಮೂರು ಬೇರೆ ಪಟ್ಟಿಗಳಾಗಿ ಮಾಡಿ ಬಿಟ್ಟರೆ ಹೀಗಾಗುತ್ತದೆ. ಒಂದರ ಮೇಲೊಂದನ್ನು ಇಟ್ಟು ನೋಡಬೇಕು. ಒಂದು ಪದ ಮರಳಿ ಬಂದಿದೆ ಎಂಬುದಕ್ಕಿಂತ, ಎರಡನೆಯ ಸಲ ಅದು ಸಾಲಿನ ಯಾವ ಜಾಗದಲ್ಲಿ, ಒತ್ತಿನ ಮೇಲೆ ಬಂತೋ ಒತ್ತಿಲ್ಲದ ಕಡೆ ಬಂತೋ ಎಂಬುದು ಮುಖ್ಯ.

ಮಾದರಿಗೆ ಎಲ್ಲರಿಗೂ ಸುಲಭವಾಗಿ ಸಿಗುವ ಕವಿತೆಯನ್ನೇ ತೆಗೆದುಕೊಳ್ಳೋಣ: ಡೆನ್ಮಾರ್ಕಿನ ರಾಷ್ಟ್ರಗೀತೆ. ಆಡಮ್ ಓಲೆನ್‌ಶ್ಲೇಗರ್ 1819ರಲ್ಲಿ ಬರೆದದ್ದು. 1835ರಲ್ಲಿ ಹಾನ್ಸ್ ಅರ್ನ್ಸ್ಟ್ ಕ್ರೋಯರ್ ಅದಕ್ಕೆ ರಾಗ ಕಟ್ಟಿದ. ಮೂಲದಲ್ಲಿ 12 ಪದ್ಯಗಳಿವೆ. ಹಾಡುಪುಸ್ತಕಗಳಲ್ಲಿ ಹೆಚ್ಚಾಗಿ ನಾಲ್ಕನ್ನು ಮಾತ್ರ ಕಾಣುತ್ತೇವೆ. ರಾಷ್ಟ್ರಗೀತೆ ಎಂದರೆ ಬರೀ ಘೋಷಣೆ, ಅದರಲ್ಲಿ ಬಿಡಿಸಲು ಏನಿದೆ ಎಂದು ಮೂಗು ಮುರಿಯಬೇಡಿ. ಈ ಕವಿಗೆ ಕಸುಬು ಗೊತ್ತಿತ್ತು.

ಮೊದಲ ಪದ್ಯ ಕನ್ನಡ ಲಿಪಿಯಲ್ಲಿ ಸುಮಾರಾಗಿ ಹೀಗೆ:

ಡೆರ್ ಏರ್ ಎಟ್ ಉಂಡಿಟ್ ಲಾನ್,
ಡೇ ಸ್ಟೋರ್ ಮೆ ಬ್ರೇದೆ ಬೋಎ
ನೇರ್ ಸಾಲ್ಟನ್ ಓಸ್ಟರ್‌ಸ್ಟ್ರಾನ್.
ಡೇ ಬೊಗ್ಟರ್ ಸಾಯ್ ಇ ಬಾಕೆ, ಡಾಲ್,
ಡೇ ಹೇದರ್ ಗಾಮ್ಲೆ ಡಾನ್‌ಮಾರ್ಕ್,
ಒ ಡೇ ಏರ್ ಫ್ರಾಯಾಸ್ ಸಾಲ್.

ಭಾವ: ಒಂದು ಚೆಲುವಾದ ನಾಡಿದೆ, ಉಪ್ಪುನೀರಿನ ಮೂಡಣ ತೀರದ ಬಳಿ, ಅಗಲವಾಗಿ ಹರಡಿದ ಬೀಚ್ ಮರಗಳೊಡನೆ ಅದು ನಿಂತಿದೆ. ಗುಡ್ಡವಾಗಿ, ಕಣಿವೆಯಾಗಿ ಬಳುಕುತ್ತದೆ. ಹಳೆಯ ಡೆನ್ಮಾರ್ಕ್ ಎಂದು ಅದರ ಹೆಸರು, ಮತ್ತು ಅದೇ ಫ್ರೇಯಾ ದೇವಿಯ ಸಭಾಂಗಣ.

ಹಾಡುವಾಗ ಮೂರನೆಯ ಮತ್ತು ಆರನೆಯ ಸಾಲನ್ನು ಎರಡೆರಡು ಸಲ ಹೇಳುತ್ತಾರೆ. ಅದರ ಮಾತು ಆಮೇಲೆ.

ಹಂತ 1: ಪಠ್ಯ ಸರಿಯಿದೆಯೇ ನೋಡಿ

1948ರಲ್ಲಿ ಡೇನಿಷ್ ಕಾಗುಣಿತ ಬದಲಾಯಿತು. ಅದಕ್ಕೂ ಮೊದಲಿನ ಮುದ್ರಣಗಳಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗುತ್ತವೆ, ಇಂದಿನ ವೃತ್ತವಿರುವ ‘å’ ಅಕ್ಷರದ (ಉಚ್ಚಾರ ‘ಓ’) ಜಾಗದಲ್ಲಿ ಜೋಡಿ ‘aa’ ಇರುತ್ತದೆ. ಇವುಗಳಿಂದ ಲಯಕ್ಕೆ ತೊಂದರೆಯಿಲ್ಲ. ತೊಂದರೆ ಆಗುವುದು ಲೋಪಚಿಹ್ನೆ ಬಿದ್ದುಹೋದಾಗ. ಕವಿ ಒಂದು ಸ್ವರವನ್ನು ನುಂಗಿ ಚಿಹ್ನೆ ಹಾಕಿದ್ದರೆ ಅಲ್ಲಿ ಒಂದು ಉಚ್ಚಾರಾಂಶ ಕಡಿಮೆ ಎಂದರ್ಥ. ಅಂತರ್ಜಾಲದ ಪ್ರತಿಗಳಲ್ಲಿ ಅದು ಮಾಯವಾಗಿದ್ದರೆ ನಿಮ್ಮ ಎಣಿಕೆ ತಪ್ಪುತ್ತದೆ, ನೀವು ಕವಿಯನ್ನು ಬೈಯುತ್ತೀರಿ. ಸಾಧ್ಯವಾದರೆ ಎರಡು ಪ್ರತಿಗಳನ್ನು ಹೋಲಿಸಿ.

ಹಂತ 2: ನಮ್ಮ ಕಿವಿಯನ್ನು ಸ್ವಲ್ಪ ಬದಿಗಿಡಿ

ಕನ್ನಡ ಛಂದಸ್ಸು ಓದಿದವರಿಗೆ ಈ ಹಂತವೇ ಕಷ್ಟ. ನಾವು ಲಘು, ಗುರು ಎಂದು ಮಾತ್ರೆ ಎಣಿಸುತ್ತೇವೆ: ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಲೆಕ್ಕ. ಡೇನಿಷ್‌ನಲ್ಲಿ ಲೆಕ್ಕಕ್ಕೆ ಬರುವುದು ಒತ್ತು, ಅಂದರೆ ಉಚ್ಚರಿಸುವಾಗ ಯಾವ ಭಾಗಕ್ಕೆ ಬಲ ಬೀಳುತ್ತದೆ ಎಂಬುದು. (ಒತ್ತಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ.) ‘ಡಾನ್‌ಮಾರ್ಕ್’ ಎಂಬುದು ನಮ್ಮ ಎಣಿಕೆಯಲ್ಲಿ ಎರಡು ಗುರು, ಸಮಬಲ. ಡೇನಿಷ್ ಕಿವಿಗೆ ಮೊದಲನೆಯದು ಬಲವಾದದ್ದು, ಎರಡನೆಯದು ಅದಕ್ಕಿಂತ ಕೆಳಗಿನದು. ‘ಸಾಲ್ಟನ್’ ಎಂಬಲ್ಲಿ ಮೂಲದ ಸ್ವರ ಹ್ರಸ್ವ. ಆದರೂ ಒತ್ತು ಅಲ್ಲಿಯೇ.

ಅದಕ್ಕೇ ನನ್ನ ಸಲಹೆ: ಗುರುತು ಹಾಕುವಾಗ ಲಘು-ಗುರುಗಳ ಚಿಹ್ನೆ ಬಳಸಬೇಡಿ. ಕಣ್ಣು ಅವನ್ನು ಕಂಡ ಕೂಡಲೇ ಮಾತ್ರೆ ಎಣಿಸಲು ಹೊರಡುತ್ತದೆ. ಒತ್ತು ಇರುವ ಕಡೆ +, ಇಲ್ಲದ ಕಡೆ · ಹಾಕಿ.

ಒತ್ತು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಕೆಲವು ಅಂದಾಜು ನಿಯಮಗಳಿವೆ. ಅಚ್ಚ ಡೇನಿಷ್ ಪದಗಳಲ್ಲಿ ಮೊದಲ ಭಾಗಕ್ಕೆ. ‘ಬೆ’, ‘ಫೊರ್’ ಮುಂತಾದ ಪೂರ್ವಪ್ರತ್ಯಯಗಳಿದ್ದರೆ ಸಾಮಾನ್ಯವಾಗಿ ಅವುಗಳನ್ನು ಬಿಟ್ಟು ಮುಂದಿನದಕ್ಕೆ: ಬೆ-ಸ್ಟೋ ಎಂಬಲ್ಲಿ ‘ಸ್ಟೋ’ ಬಲವಾದದ್ದು. ಸಮಾಸಪದದಲ್ಲಿ ಮೊದಲ ಪದಕ್ಕೆ ಪೂರ್ತಿ ಒತ್ತು, ಎರಡನೆಯದಕ್ಕೆ ಅರ್ಧ: ಓಸ್ಟರ್-ಸ್ಟ್ರಾನ್. ಬೇರೆ ಭಾಷೆಗಳಿಂದ ಬಂದ ಎಷ್ಟೋ ಪದಗಳಲ್ಲಿ ಕೊನೆಗೆ: ಸ್ಟುಡೆಂಟ್ ಎಂಬಲ್ಲಿ ‘ಡೆಂಟ್’. ಸಂದೇಹ ಬಂದರೆ ‘ಡೆನ್ ಡಾನ್ಸ್ಕೆ ಓರ್ಡ್‌ಬೊ’ ನಿಘಂಟಿನ ಜಾಲತಾಣ ತೆರೆಯಿರಿ. ಅಲ್ಲಿ ಒತ್ತಿನ ಗುರುತೂ ಇದೆ, ಉಚ್ಚಾರಣೆಯ ಧ್ವನಿಯೂ ಇದೆ.

ಇನ್ನೊಂದು ಎಚ್ಚರಿಕೆ. ಡೇನಿಷ್‌ನಲ್ಲಿ ‘ಸ್ಟೋದ್’ ಎಂಬ ಒಂದು ವಿಶೇಷವಿದೆ: ಉಚ್ಚರಿಸುವಾಗ ಗಂಟಲಲ್ಲಿ ಆಗುವ ಸಣ್ಣ ತಡೆ. ‘ಹುನ್’ ಎಂದರೆ ಅವಳು. ಅದನ್ನೇ ಗಂಟಲಲ್ಲಿ ತಡೆದು ಹೇಳಿದರೆ ನಾಯಿ. ಇದು ಒತ್ತಲ್ಲ. ಒತ್ತು ಬಿದ್ದ ಭಾಗಗಳಲ್ಲಿಯೇ ಇದು ಸಾಮಾನ್ಯವಾಗಿ ಇರುವುದರಿಂದ ಹೊಸಬರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಹಂತ 3: ಮೊದಲು ಮಾತಿನಂತೆ ಓದಿ, ಆಮೇಲೆ ಪದ್ಯದಂತೆ

ಕವಿತೆಯನ್ನು ಎರಡು ಸಲ ಗಟ್ಟಿಯಾಗಿ ಓದಬೇಕು. ಮೊದಲ ಸಲ ಯಾರೊಂದಿಗೋ ಮಾತಾಡುವಂತೆ. ‘ಡೆರ್ ಏರ್ ಎಟ್ ಉಂಡಿಟ್ ಲಾನ್’ ಎಂಬುದನ್ನು ಮಾತಿನಲ್ಲಿ ಹೇಳಿದರೆ ಎರಡೇ ಒತ್ತು: ‘ಉಂ’ ಮತ್ತು ‘ಲಾನ್’. ‘ಇದೆ’ ಎಂಬ ಅರ್ಥದ ‘ಏರ್’ ಮಾತಿನಲ್ಲಿ ತೇಲಿಹೋಗುತ್ತದೆ.

ಎರಡನೆಯ ಸಲ ತಾಳ ತಟ್ಟುತ್ತಾ ಓದಿ. ಈಗ ಮೂರು ಪೆಟ್ಟು ಸಿಗುತ್ತವೆ:

ಡೆರ್ ಏರ್ | ಎಟ್ ಉಂ | ಡಿಟ್ ಲಾನ್
· + | · + | · +

ಮಾತಿನಲ್ಲಿ ಸದ್ದಿಲ್ಲದ ‘ಏರ್’ ಇಲ್ಲಿ ಎದ್ದು ನಿಲ್ಲುತ್ತದೆ. ಮೊದಲ ಓದಿಗೂ ಎರಡನೆಯ ಓದಿಗೂ ಎಲ್ಲಿ ಜಗಳವಿದೆಯೋ ಅದನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ವಿಶ್ಲೇಷಣೆಗೆ ಬೇಕಾದ ಸರಕು ಅಲ್ಲಿದೆ.

ಹಂತ 4: ಗಣದ ಹೆಸರು, ಸಾಲಿನ ಉದ್ದ

ಒತ್ತಿಲ್ಲದ್ದು ಮೊದಲು, ಒತ್ತಿರುವುದು ನಂತರ ಬಂದರೆ ಆ ಗಣ ಯಾಂಬೆ (· +). ಅದನ್ನು ತಿರುಗಿಸಿದರೆ ಟ್ರೊಕೆ (+ ·). ಪೇಟರ್ ಫೇಬರ್ ಬರೆದ ಕ್ರಿಸ್‌ಮಸ್ ಹಾಡಿನ ‘ಹೋಯ್ಟ್ ಫ್ರಾ ಟ್ರೇಎಟ್ಸ್ ಗ್ರೋನೆ ಟಾಪ್’ (ಮರದ ಹಸಿರು ತುದಿಯಿಂದ, ಮೇಲಿನಿಂದ) ಎಂಬ ಸಾಲು ಟ್ರೊಕೆ: ಮೊದಲ ಉಚ್ಚಾರದಲ್ಲಿಯೇ ಪೆಟ್ಟು. ಒಂದು ಒತ್ತಿಗೆ ಎರಡು ಒತ್ತಿಲ್ಲದವು ಸೇರಿದರೆ ಡಾಕ್ಟೈಲ್ (+ · ·) ಅಥವಾ ಅನಾಪೆಸ್ಟ್ (· · +). ಹೆಸರಿಗೆ ಇಷ್ಟು ಸಾಕು.

ರಾಷ್ಟ್ರಗೀತೆಯ ಆರೂ ಸಾಲುಗಳು ಯಾಂಬೆ. ಆದರೆ ‘ಯಾಂಬೆ’ ಎಂದು ಬರೆದು ಪೆನ್ನು ಕೆಳಗಿಡುವ ಮೊದಲು ಸಾಲುಸಾಲಿಗೆ ಉಚ್ಚಾರಾಂಶಗಳನ್ನು ಎಣಿಸಿ: 6, 7, 6, 8, 7, 6. ಏಳರ ಸಾಲುಗಳಲ್ಲಿ ಕೊನೆಯಲ್ಲಿ ಒಂದು ಒತ್ತಿಲ್ಲದ ಬಾಲವಿದೆ: ‘ಬೋ-ಎ’, ‘ಡಾನ್-ಮಾರ್ಕ್’. ಪೆಟ್ಟುಗಳು ಅಲ್ಲಿಯೂ ಮೂರೇ. ನಾಲ್ಕನೆಯ ಸಾಲು ಮಾತ್ರ ನಿಜವಾಗಿ ಉದ್ದ, ಅದರಲ್ಲಿ ನಾಲ್ಕು ಪೆಟ್ಟು:

ಡೇ ಬೊಗ್ | ಟರ್ ಸಾಯ್ | ಇ ಬಾ | ಕೆ ಡಾಲ್

ನಾಡು ಗುಡ್ಡ ಕಣಿವೆಗಳಾಗಿ ಬಳುಕುತ್ತದೆ ಎಂದು ಹೇಳುವ ಸಾಲೇ ಅಳತೆ ಮೀರಿ ಚಾಚಿಕೊಂಡಿದೆ. ಹಾಗಂತ ‘ಅರ್ಥಕ್ಕೆ ತಕ್ಕಂತೆ ಲಯ’ ಎಂದು ಕೂಡಲೇ ತೀರ್ಪು ಕೊಡಬಾರದು. ಉಳಿದ ಪದ್ಯಗಳಲ್ಲೂ ನಾಲ್ಕನೆಯ ಸಾಲಿಗೆ ನಾಲ್ಕೇ ಪೆಟ್ಟು, ಅಲ್ಲಿ ಬಳುಕುವ ಗುಡ್ಡಗಳಿಲ್ಲ. ಹಾಗಾಗಿ ಸರಿಯಾದ ಮಾತು ಇದು: ಪದ್ಯದ ನಡುವೆ ಒಂದು ತಿರುವಿದೆ, ಹೊಸ ಚಲನೆ ಆ ಉದ್ದ ಸಾಲಿನಿಂದ ಶುರುವಾಗುತ್ತದೆ, ಮೊದಲ ಪದ್ಯದಲ್ಲಿ ಕವಿ ಆ ತಿರುವಿಗೆ ತಕ್ಕ ಚಿತ್ರವನ್ನೇ ಇಟ್ಟಿದ್ದಾನೆ. ಒಂದು ಪದ್ಯದಿಂದ ತೆಗೆದ ತೀರ್ಮಾನವನ್ನು ಉಳಿದ ಪದ್ಯಗಳಲ್ಲಿ ಪರೀಕ್ಷಿಸುವ ಈ ಅಭ್ಯಾಸ ಬಿಟ್ಟವರ ವಿಶ್ಲೇಷಣೆ ಬೇಗ ಜೊಳ್ಳಾಗುತ್ತದೆ.

ಹಂತ 5: ಲಯ ಎಡವುವ ಜಾಗ

ಎರಡನೆಯ ಪದ್ಯದಲ್ಲಿ ಹಿಂದಿನ ಕಾಲದ ಕವಚಧಾರಿ ವೀರರು ಯುದ್ಧದಿಂದ ದಣಿವಾರಿಸಿಕೊಂಡು ಕೂತಿದ್ದಾರೆ. ಅದರ ಮೂರನೆಯ ಸಾಲು: ‘ಉದ್‌ವೀಲೆದೆ ಫ್ರಾ ಸ್ಟ್ರೀದ್’. ಪದ್ಯದ ತಾಳದ ಪ್ರಕಾರ ಒತ್ತು ‘ವೀ’ ಮೇಲೂ ‘ದೆ’ ಮೇಲೂ ಬೀಳಬೇಕು. ಆದರೆ ‘ದಣಿವಾರಿದ’ ಎಂಬ ಅರ್ಥದ ಈ ಪದವನ್ನು ಡೇನಿಷ್ ಮಾತಿನಲ್ಲಿ ಹೇಳುವಾಗ ಮುಖ್ಯ ಒತ್ತು ‘ಉದ್’ ಮೇಲೆ. ಕೊನೆಯ ‘ದೆ’ ಬರೀ ಪ್ರತ್ಯಯ, ಅದಕ್ಕೆ ಎಂದೂ ಬಲವಿಲ್ಲ. ಹೀಗಾಗಿ ತಾಳ ಒಂದು ಕಡೆ ಎಳೆದರೆ ಮಾತು ಇನ್ನೊಂದು ಕಡೆ ಎಳೆಯುತ್ತದೆ. ಇಲ್ಲಿ ನೀವು ಎರಡು ವಾದ ಮಾಡಬಹುದು. ಯುದ್ಧದ ಹೆಜ್ಜೆ ಸಡಿಲಗೊಂಡು ವೀರರು ಒರಗಿದ ಭಾವ ಇದರಿಂದ ಬರುತ್ತದೆ ಎನ್ನಬಹುದು. ಅಥವಾ ಹಾಡಿನ ರಾಗ ಎಲ್ಲವನ್ನೂ ಸಮ ಮಾಡುವುದರಿಂದ ಇದು ಲೆಕ್ಕಕ್ಕೆ ಬಾರದ ಒರಟು ಎನ್ನಬಹುದು. ನಾನು ಮೊದಲನೆಯ ಪಕ್ಷ, ಆದರೆ ಪ್ರಾಣ ಕೊಡುವಷ್ಟು ಗಟ್ಟಿಯಾಗಿ ಅಲ್ಲ. ವಾದ ಯಾವುದೇ ಇರಲಿ, ಯಾವ ಉಚ್ಚಾರಾಂಶದ ಮೇಲೆ ಜಗಳ ಎಂಬುದನ್ನು ಬೆರಳಿಟ್ಟು ತೋರಿಸಬೇಕು.

ಹಂತ 6: ಪ್ರಾಸ, ಕಿವಿಯಿಂದ

ಹಳಗನ್ನಡ ಕಾವ್ಯ ಓದಿದವರ ಕಣ್ಣು ಪ್ರಾಸಕ್ಕಾಗಿ ಸಾಲಿನ ಎರಡನೆಯ ಅಕ್ಷರಕ್ಕೆ ಹೋಗುತ್ತದೆ. ಡೇನಿಷ್‌ನಲ್ಲಿ ನೋಡಬೇಕಾದದ್ದು ಸಾಲಿನ ತುದಿ. ಕೊನೆಯ ಒತ್ತಿನ ಸ್ವರದಿಂದ ಹಿಡಿದು ಮುಂದಿನದೆಲ್ಲ ಹೊಂದಬೇಕು. ಒತ್ತಿನ ಭಾಗದಲ್ಲಿಯೇ ಸಾಲು ಮುಗಿದರೆ ಏಕಾಕ್ಷರ ಪ್ರಾಸ, ಇದನ್ನು ‘ಗಂಡು ಪ್ರಾಸ’ ಎಂದೂ ಕರೆಯುತ್ತಾರೆ. ಒತ್ತಿಲ್ಲದ ಬಾಲವೂ ಸೇರಿ ಹೊಂದಿದರೆ ದ್ವ್ಯಕ್ಷರ ಅಥವಾ ‘ಹೆಣ್ಣು ಪ್ರಾಸ’.

ಮೊದಲ ಪದ್ಯಕ್ಕೆ ಅಕ್ಷರ ಹಾಕೋಣ: ಲಾನ್ (ಅ), ಬೋಎ (×), ಸ್ಟ್ರಾನ್ (ಅ), ಡಾಲ್ (ಆ), ಡಾನ್‌ಮಾರ್ಕ್ (×), ಸಾಲ್ (ಆ). ಪ್ರಾಸವೆಲ್ಲ ಗಂಡು ಪ್ರಾಸ. ಬಾಲವಿರುವ ನಡುವಿನ ಸಾಲುಗಳಿಗೆ ಪ್ರಾಸದ ಜೊತೆಗಾರರಿಲ್ಲ. ನಾಡಿನ ಹೆಸರು ಬರುವುದು ಅಂಥ ಒಂಟಿ ಸಾಲಿನಲ್ಲಿ ಎಂಬುದನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಕಾಗುಣಿತವನ್ನು ನಂಬಬೇಡಿ. ‘ನಾನು’, ‘ನನ್ನನ್ನು’, ‘ದಾರಿ’ ಎಂಬ ಅರ್ಥದ ಡೇನಿಷ್ ಪದಗಳ ಕಾಗುಣಿತ ಬೇರೆ ಬೇರೆ; ಉಚ್ಚಾರ ಯಾಯ್, ಮಾಯ್, ವಾಯ್. ಇನ್ನೊಂದು ಕಡೆ ಲಾನ್, ಸ್ಟ್ರಾನ್ ಎರಡರಲ್ಲೂ ಬರೆಯುವ ಸ್ವರ ಒಂದೇ, ಆದರೆ ಇಂದಿನ ಮಾತಿನಲ್ಲಿ ‘ರ’ಕಾರದ ಪಕ್ಕದ ಸ್ವರ ಬಾಯಿಯ ಹಿಂಭಾಗಕ್ಕೆ ಸರಿಯುವುದರಿಂದ ಎರಡರ ಬಣ್ಣ ತುಸು ಬೇರೆ. ಯಾವ ಡೇನರೂ ಇದನ್ನು ತಪ್ಪು ಪ್ರಾಸ ಎನ್ನುವುದಿಲ್ಲ. ನೀವೂ ಎನ್ನಬೇಡಿ.

ಪ್ರಾಸ ಇನ್ನೊಂದು ಉಪಕಾರ ಮಾಡುತ್ತದೆ: ಎಣಿಕೆಯ ಸಂದೇಹ ಬಿಡಿಸುತ್ತದೆ. ಮೂರನೆಯ ಪದ್ಯ ‘ದ್ವೀಪಗಳು’ ಎಂಬ ಪದದಿಂದ ಮುಗಿಯುತ್ತದೆ. ಬರೆಯುವುದು ‘ಓಎರ್’, ಎರಡು ಉಚ್ಚಾರಾಂಶ. ಹಾಗೆ ಓದಿದರೆ ಸಾಲಿಗೆ ಏಳಾಗಿ ಅಚ್ಚು ಕೆಡುತ್ತದೆ. ಅದರ ಪ್ರಾಸಜೋಡಿಯಾದ ‘ಕನ್ಯೆಯರು’ ಎಂಬ ಪದವನ್ನು ಕವಿ ಲೋಪಚಿಹ್ನೆ ಹಾಕಿ ‘ಮೋರ್’ ಎಂದು ಒಂದೇ ಉಚ್ಚಾರಕ್ಕೆ ಇಳಿಸಿದ್ದಾನೆ. ಅಂದಮೇಲೆ ದ್ವೀಪಗಳನ್ನೂ ‘ಓರ್’ ಎಂದು ಒಂದೇ ಉಸಿರಿನಲ್ಲಿ ಓದಬೇಕು. ಆಗ ಆರು ಸರಿಹೋಗುತ್ತದೆ.

ತುದಿಯ ಪ್ರಾಸ ಮುಗಿದ ಮೇಲೆ ಸಾಲಿನೊಳಗಿನ ಅನುಪ್ರಾಸ. ನಾರ್ಡಿಕ್ ಕಾವ್ಯದ ಬಹು ಹಳೆಯ ಕಟ್ಟು ಇದೇ. ಒತ್ತು ಬಿದ್ದ ಭಾಗಗಳ ಮೊದಲ ವ್ಯಂಜನ ಹೊಂದಬೇಕು. ಬ್ರೇದೆ-ಬೋಎ, ಬೊಗ್ಟರ್-ಬಾಕೆ ಲೆಕ್ಕಕ್ಕೆ ಬರುತ್ತವೆ. ಸಾಲಿನ ಮೊದಲಿಗೆ ಬರುವ ‘ಡೇ’ಗಳ ಡಕಾರಕ್ಕೆ ಅಲ್ಲಿ ಒತ್ತಿಲ್ಲ, ಅದನ್ನು ಸೇರಿಸಬೇಡಿ.

ಹಂತ 7: ಪುನರಾವರ್ತನೆ, ಮತ್ತು ಅದು ಕೂತ ಜಾಗ

ಮರಳಿ ಬಂದದ್ದನ್ನೆಲ್ಲ ಮೊದಲು ಪಟ್ಟಿ ಮಾಡಿ. ಹಾಡುವಾಗ ಇಮ್ಮಡಿಯಾಗುವ ಸಾಲುಗಳನ್ನು ಬೇರೆ ಇಡಿ; ಅವುಗಳಿಂದ ಪ್ರಾಸದ ಮುಕ್ತಾಯ ಎರಡೆರಡು ಸಲ ಕೇಳಿ ಗಟ್ಟಿಯಾಗುತ್ತದೆ, ಅಷ್ಟೇ. ಓದುವ ಕವಿತೆಯಲ್ಲಿ ಗಮನಿಸಬೇಕಾದದ್ದು ‘ಡೇ’, ಅಂದರೆ ‘ಅದು’ ಎಂಬ ಪುಟ್ಟ ಸರ್ವನಾಮ. ಅದು ನಿಂತಿದೆ, ಅದು ಬಳುಕುತ್ತದೆ, ಅದಕ್ಕೆ ಹೆಸರಿದೆ: ಎರಡು, ನಾಲ್ಕು, ಐದನೆಯ ಸಾಲುಗಳು ‘ಡೇ’ ಎಂದೇ ಶುರುವಾಗುತ್ತವೆ. ಸಾಲುಗಳ ಮೊದಲಲ್ಲಿ ಒಂದೇ ಪದ ಮರಳುವುದಕ್ಕೆ ಅನಫೊರ ಎಂದು ಹೆಸರು. ಬಹಳಷ್ಟು ವಿದ್ಯಾರ್ಥಿಗಳು ಆ ಹೆಸರು ಬರೆದು ಮುಂದೆ ಹೋಗುತ್ತಾರೆ.

ಈಗ ಹಂತ 3ರಲ್ಲಿ ಹಾಕಿದ ಗುರುತುಗಳನ್ನು ಇದರ ಮೇಲೆ ಇಡಿ. ಮೂರು ಸಾಲುಗಳಲ್ಲೂ ‘ಡೇ’ ಯಾಂಬೆಯ ಮೊದಲ ಸ್ಥಾನದಲ್ಲಿದೆ, ಒತ್ತಿಲ್ಲ. ಆರನೆಯ ಸಾಲಿಗೆ ಬಂದಾಗ ಕವಿ ಅದರ ಮುಂದೆ ‘ಒ’ (ಮತ್ತು) ಎಂಬ ಒಂದು ಪದ ಸೇರಿಸುತ್ತಾನೆ:

ಒ ಡೇ | ಏರ್ ಫ್ರಾ | ಯಾಸ್ ಸಾಲ್
· + | · + | · +

‘ಡೇ’ ಒಂದು ಸ್ಥಾನ ಸರಿದು ಪೆಟ್ಟಿನ ಮೇಲೆ ಕೂರುತ್ತದೆ. ಇಷ್ಟು ಹೊತ್ತು ಕ್ರಿಯಾಪದಗಳ ನೆರಳಿನಲ್ಲಿದ್ದ ಸರ್ವನಾಮಕ್ಕೆ ಈಗ ಪೂರ್ತಿ ಬಲ, ಅದೂ ನಾಡನ್ನು ದೇವತೆಯ ಮನೆ ಎಂದು ಘೋಷಿಸುವ ಸಾಲಿನಲ್ಲಿ. ಜೊತೆಗೆ, ಮೊದಲ ಸಾಲಿನಲ್ಲಿ ಪೆಟ್ಟು ಪಡೆದಿದ್ದ ‘ಏರ್’ ಇಲ್ಲಿ ಒತ್ತು ಕಳೆದುಕೊಂಡಿದೆ. ‘ಇದೆ’ ಎಂಬುದರಿಂದ ‘ಅದೇ’ ಎಂಬುದಕ್ಕೆ ಬಲ ವರ್ಗವಾಯಿತು. ಲಯವನ್ನು ಒಂದು ಪುಟದಲ್ಲಿ, ಪುನರಾವರ್ತನೆಯನ್ನು ಇನ್ನೊಂದು ಪುಟದಲ್ಲಿ ಬರೆದಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಪದ್ಯದಿಂದ ಪದ್ಯಕ್ಕೆ ಮರಳುವುದನ್ನೂ ಹೀಗೆಯೇ ನೋಡಿ. ಹಾಡುಪುಸ್ತಕದ ನಾಲ್ಕನೆಯ ಪದ್ಯದ ಕೊನೆಯ ಮೂರು ಸಾಲು:

ವೋರ್ಟ್ ಗಾಮ್ಲೆ ಡಾನ್‌ಮಾರ್ಕ್ ಸ್ಕಾಲ್ ಬೆಸ್ಟೋ,
ಸೋ ಲೆಂಗೆ ಬೋಎನ್ ಸ್ಪಾಯ್ಲರ್
ಸಿನ್ ಟಾಪ್ ಇ ಬೋಲ್ಯೆನ್ ಬ್ಲೋ.

ಬೀಚ್ ಮರ ತನ್ನ ತುದಿಯ ಬಿಂಬವನ್ನು ನೀಲಿ ಅಲೆಯಲ್ಲಿ ಮೂಡಿಸುವವರೆಗೂ ನಮ್ಮ ಹಳೆಯ ಡೆನ್ಮಾರ್ಕ್ ಉಳಿಯುತ್ತದೆ ಎಂದರ್ಥ. ‘ಗಾಮ್ಲೆ ಡಾನ್‌ಮಾರ್ಕ್’ ಮರಳಿ ಬಂದಿದೆ. ಆದರೆ ಈಗ ಅದು ಪ್ರಾಸವಿಲ್ಲದ ಐದನೆಯ ಸಾಲಿನಲ್ಲಿಲ್ಲ. ನಾಲ್ಕು ಪೆಟ್ಟಿನ ಉದ್ದ ಸಾಲಿಗೆ ಏರಿದೆ. ‘ಅದಕ್ಕೆ ಹೆಸರು’ ಎಂದು ದೂರ ನಿಂತು ಹೇಳುತ್ತಿದ್ದವನು ‘ನಮ್ಮ’ ಎನ್ನುತ್ತಿದ್ದಾನೆ. ಮೊದಲ ಪದ್ಯದ ಮರವೂ ನೀರೂ ಇಲ್ಲಿ ಮತ್ತೆ ಬಂದಿವೆ: ಅಲ್ಲಿ ಪಕ್ಕಪಕ್ಕದಲ್ಲಿ ನಿಂತಿದ್ದವು, ಇಲ್ಲಿ ಒಂದು ಇನ್ನೊಂದರೊಳಗೆ ಕಾಣುತ್ತಿದೆ. ‘ಮರ’ ಮತ್ತು ‘ಅಲೆ’ ಎಂಬ ಪದಗಳಿಗೆ ಡೇನಿಷ್ ಬರಹದಲ್ಲಿ ಇರುವ ವ್ಯತ್ಯಾಸ ಒಂದೇ ಒಂದು ಲಕಾರ. ಬಿಂಬ, ಪ್ರತಿಬಿಂಬದ ಮಾತಾಡುವ ಸಾಲುಗಳಲ್ಲಿ ಹೆಚ್ಚುಕಡಿಮೆ ಅವಳಿ ಪದಗಳು, ಅದರ ಹಿಂದೆಯೇ ‘ಬ್ಲೋ’ ಎಂಬ ಮೂರನೆಯ ಬಕಾರ.

ಹಂತ 8: ಬರೆಯುವುದು

ಕಂಡದ್ದನ್ನೆಲ್ಲ ಬರೆಯಬೇಡಿ. ಒಂದು ಪ್ಯಾರಾಕ್ಕೆ ಒಂದು ಗಮನಿಕೆ, ಅದಕ್ಕೆ ಸಾಲಿನ ಸಂಖ್ಯೆ, ಆ ಸಾಲಿನ ಒತ್ತಿನ ಗುರುತು, ಆಮೇಲೆ ಅರ್ಥ. ಉದಾಹರಣೆಗೆ: ‘ಎರಡು, ನಾಲ್ಕು, ಐದನೆಯ ಸಾಲುಗಳ ಮೊದಲಿಗೆ ಒತ್ತಿಲ್ಲದ ಸ್ಥಾನದಲ್ಲಿ ಬರುವ ಸರ್ವನಾಮ ಆರನೆಯ ಸಾಲಿನಲ್ಲಿ ಒತ್ತಿನ ಸ್ಥಾನಕ್ಕೆ ಸರಿಯುತ್ತದೆ, ವರ್ಣನೆಯಾಗಿ ಶುರುವಾದದ್ದು ಘೋಷಣೆಯಾಗಿ ಮುಗಿಯುತ್ತದೆ.’ ‘ಲಯ ಕವಿತೆಗೆ ಸೊಬಗು ತಂದಿದೆ’ ಎಂಬ ವಾಕ್ಯ ಕರಡಿನಲ್ಲಿ ಕಂಡರೆ ಅಳಿಸಿ. ಅದನ್ನು ಯಾವ ಕವಿತೆಗೆ ಬೇಕಾದರೂ ಅಂಟಿಸಬಹುದು.

ಈ ವಿಧಾನ ಎಲ್ಲಿ ಬಾಗಬೇಕು

ಮಧ್ಯಯುಗದ ಜನಪದ ಲಾವಣಿಗಳಲ್ಲಿ ಉಚ್ಚಾರಾಂಶ ಎಣಿಸಲು ಹೋದರೆ ತಲೆ ಕೆಡುತ್ತದೆ. ಅಲ್ಲಿ ಲೆಕ್ಕ ಪೆಟ್ಟುಗಳದ್ದು ಮಾತ್ರ. ಎರಡು ಪೆಟ್ಟುಗಳ ನಡುವೆ ಒಂದೂ ಇರಬಹುದು, ಎರಡೂ ಇರಬಹುದು. ಪ್ರಾಸವೂ ಎಷ್ಟೋ ಕಡೆ ಸ್ವರ ಮಾತ್ರ ಹೊಂದುವ ಅರೆಪ್ರಾಸ. ಅಲ್ಲಿ ಪಲ್ಲವಿಗೆ ಗಮನ ಕೊಡಿ. ಎಬ್ಬೆ ಸ್ಕಾಮೆಲ್ಸೋನ್‌ನ ಲಾವಣಿಯಲ್ಲಿ ಮೊದಲ ಪದ್ಯದಿಂದಲೇ ‘ಅದಕ್ಕಾಗಿಯೇ ಎಬ್ಬೆ ಸ್ಕಾಮೆಲ್ಸೋನ್ ಎಷ್ಟೋ ಹಾದಿಗಳಲ್ಲಿ ದಿಕ್ಕೆಟ್ಟು ನಡೆಯುತ್ತಾನೆ’ ಎಂಬ ಪಲ್ಲವಿ ಬರುತ್ತದೆ. ಯಾವುದಕ್ಕಾಗಿ? ನಮಗಿನ್ನೂ ಗೊತ್ತಿಲ್ಲ. ಅವನು ಸತ್ತನೆಂದು ಸಹೋದರ ಸುಳ್ಳು ಹೇಳಿ ಅವನ ನಿಶ್ಚಿತ ವಧುವನ್ನು ಮದುವೆಯಾಗುವುದು, ಅವನು ಮದುವೆಯ ಹೊತ್ತಿಗೆ ಬಂದು ಕೊಲ್ಲುವುದು ಎಲ್ಲ ಆಮೇಲೆ. ಪಲ್ಲವಿಯ ಅಕ್ಷರವೂ ಬದಲಾಗದೆ, ಪ್ರಶ್ನೆಯಾಗಿದ್ದದ್ದು ಉತ್ತರವಾಗುತ್ತದೆ. ಯಾವ ಪದ್ಯದಲ್ಲಿ ಆ ಬದಲಾವಣೆ ಆಯಿತು ಎಂದು ಗುರುತಿಸುವುದೇ ಇಲ್ಲಿನ ಕೆಲಸ.

ಇಪ್ಪತ್ತನೆಯ ಶತಮಾನದ ಕವಿತೆಗಳಲ್ಲಿ ನಿಯತ ಗಣವೂ ಇಲ್ಲದೆ, ಪ್ರಾಸವೂ ಇಲ್ಲದೆ ಪುನರಾವರ್ತನೆಯೊಂದೇ ಕಟ್ಟಡವನ್ನು ಹೊರುವುದುಂಟು. ಇಂಗರ್ ಕ್ರಿಸ್ಟೆನ್ಸೆನ್ 1981ರಲ್ಲಿ ಪ್ರಕಟಿಸಿದ ‘ಆಲ್ಫಾಬೇಟ್’ ಇದಕ್ಕೆ ಉತ್ತಮ ಉದಾಹರಣೆ. ಮೊದಲ ಭಾಗ ಒಂದೇ ಸಾಲು: ಏಪ್ರಿಕಾಟ್ ಮರಗಳಿವೆ, ಏಪ್ರಿಕಾಟ್ ಮರಗಳಿವೆ. ಎರಡನೆಯ ಭಾಗಕ್ಕೆ ಎರಡು ಸಾಲು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಐದು, ಐದನೆಯದಕ್ಕೆ ಎಂಟು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿ. ಭಾಗಗಳು ವರ್ಣಮಾಲೆಯ ಕ್ರಮದಲ್ಲಿ ಸಾಗಿ ‘ಎನ್’ ಅಕ್ಷರಕ್ಕೆ ನಿಲ್ಲುತ್ತವೆ. ‘ಫಿನೆಸ್’, ಅಂದರೆ ‘ಇದೆ, ಇವೆ’ ಎಂಬ ಕ್ರಿಯಾಪದ ಮರಗಳಿಗೂ ಬರುತ್ತದೆ, ಮುಂದೆ ಅಣುಬಾಂಬಿಗೂ ಬರುತ್ತದೆ. ಇಂಥ ಕವಿತೆಗೆ ಗಣವಿಭಾಗ ಮಾಡುತ್ತಾ ಕೂರಬೇಡಿ. ಭಾಗದ ಸಂಖ್ಯೆ, ಅಕ್ಷರ, ಸಾಲುಗಳು, ಆ ಕ್ರಿಯಾಪದ ಎಷ್ಟು ಸಲ, ಯಾವ ನಾಮಪದದ ಜೊತೆಗೆ ಎಂದು ಒಂದು ಕೋಷ್ಟಕ ಹಾಕಿ. ಕ್ರಿಯಾಪದ ಬರಬೇಕಾದಲ್ಲಿ ಬಾರದೆ ಹೋದ ಸಾಲುಗಳಿಗೆ ಕೆಂಪು ಗುರುತು ಹಾಕಿ, ಓದನ್ನು ಅಲ್ಲಿಂದ ಶುರುಮಾಡಿ.